ಬಚ್ಚಿಟ್ಟರೆ ಕುತೂಹಲ ಹುಟ್ಟುವುದಿಲ್ಲ

(ಹೊಸ ಕಥೆಗಾರರಿಗಾಗಿ ನಡೆದ ಕಮ್ಮಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಊಟ ಆದ ಮೇಲಿನ ಹೊತ್ತಿಗೆ ನನ್ನನ್ನು ಹಾಕಿದ್ದಾರೆ. ವಿಷಯ ನೋಡಿದರೆ ‘ಓದುಗರ ಆಸಕ್ತಿ ಉಳಿಸಿಕೊಳ್ಳುವುದು ಹೇಗೆ’ ಅಂತ. ನಿದ್ದೆ ಬಂದವರು ಸಂಕೋಚ ಪಡಬೇಡಿ. ಇದು ನನ್ನ ಪರೀಕ್ಷೆ, ನಿಮ್ಮದಲ್ಲ.

ಕಥಾ ಸ್ಪರ್ಧೆಗಳಿಗೆ ಬಂದ ಕಥೆಗಳನ್ನು ಮೊದಲ ಸುತ್ತಿನಲ್ಲಿ ಓದಿ ಆರಿಸಿ ಕೊಡುವ ಕೆಲಸ ನನಗೆ ಆಗಾಗ ಬರುತ್ತದೆ. ಕಟ್ಟುಗಟ್ಟಲೆ ಕಥೆಗಳು. ಅದರಲ್ಲಿ ಒಂದು ಬಗೆಯ ಕಥೆ ಪ್ರತಿ ಸಲವೂ ತಪ್ಪದೆ ಇರುತ್ತದೆ. ‘ಅವನು’ ಅಂತ ಶುರು. ಹೆಸರಿಲ್ಲ. ಅವನು ಕತ್ತಲಲ್ಲಿ ನಡೆಯುತ್ತಿದ್ದಾನೆ. ‘ಆ ಘಟನೆ’ ಮತ್ತೆ ಮತ್ತೆ ನೆನಪಾಗುತ್ತಿದೆ. ಯಾವ ಘಟನೆ? ಹೇಳುವುದಿಲ್ಲ. ‘ಅವಳು’ ಅಂದ ಮಾತು ಕಿವಿಯಲ್ಲಿ ಗುಂಯ್‌ಗುಡುತ್ತಿದೆ. ಯಾವ ಮಾತು? ಅದೂ ಹೇಳುವುದಿಲ್ಲ. ಕೊನೆಯ ಪ್ಯಾರಾಕ್ಕೆ ಬಂದರೆ ಗೊತ್ತಾಗುತ್ತದೆ, ಅವನು ಆಗಲೇ ಸತ್ತಿದ್ದಾನೆ. ಇಲ್ಲಾ ಇದೆಲ್ಲ ಕನಸು. ಇಲ್ಲಾ ಅವನು ಮನುಷ್ಯನೇ ಅಲ್ಲ, ಮನೆಯ ನಾಯಿ.

ಬರೆದವರನ್ನು ಕೇಳಿದರೆ ಒಂದೇ ಉತ್ತರ. “ಓದುಗರಿಗೆ ಕುತೂಹಲ ಇರಲಿ ಅಂತ ಬಚ್ಚಿಟ್ಟೆ ಸಾರ್.”

ಇವತ್ತು ನಾನು ಹೇಳಬೇಕು ಅಂದುಕೊಂಡಿರುವುದು ಇದಕ್ಕೆ ಉಲ್ಟಾ. ಬಚ್ಚಿಡುವುದರಿಂದ ಕುತೂಹಲ ಹುಟ್ಟುವುದು ತೀರಾ ಕಡಿಮೆ. ಹೇಳುವುದರಿಂದ ಹುಟ್ಟುತ್ತದೆ. ಓದುಗನಿಗೆ ಎಷ್ಟು ಜಾಸ್ತಿ ಗೊತ್ತಿರುತ್ತದೋ ಅಷ್ಟು ಜಾಸ್ತಿ ಅವನು ಚಿಂತೆ ಮಾಡುತ್ತಾನೆ. ಏನೂ ಗೊತ್ತಿಲ್ಲದವನು ಯಾವುದಕ್ಕೆ ಅಂತ ಚಿಂತೆ ಮಾಡಬೇಕು ಹೇಳಿ?

ನಿಮ್ಮಲ್ಲಿ ಕರಾವಳಿ ಕಡೆಯವರು, ಮಲೆನಾಡಿನವರು ತಾಳಮದ್ದಳೆ ಕೇಳಿರುತ್ತೀರಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರು ಬದುರು ಕೂತು ಮಾತಾಡುತ್ತಾರೆ. ಅಷ್ಟೇ. ‘ಕೃಷ್ಣ ಸಂಧಾನ’ ಪ್ರಸಂಗ ಅಂದುಕೊಳ್ಳಿ. ಸಂಧಾನ ಮುರಿದು ಬೀಳುತ್ತದೆ ಅಂತ ಕೂತವರಿಗೆಲ್ಲ ಗೊತ್ತು. ಕೌರವ ಒಪ್ಪುವುದಿಲ್ಲ, ಯುದ್ಧ ಆಗುತ್ತದೆ, ಯಾರು ಯಾವ ದಿನ ಸಾಯುತ್ತಾರೆ ಅನ್ನುವುದೂ ಗೊತ್ತು. ಆದರೂ ಜನ ಗಂಟೆಗಟ್ಟಲೆ ಕೂರುತ್ತಾರೆ. ಯಾಕೆ? ‘ಮುಂದೇನಾಗುತ್ತದೆ’ ಅನ್ನೋ ಪ್ರಶ್ನೆಯೇ ಅವರಿಗಿಲ್ಲ. ಕೃಷ್ಣ ಇಂಥ ಮಾತು ಎಸೆದನಲ್ಲ, ಇದಕ್ಕೆ ಈ ಕೌರವ ಇವತ್ತು ಏನು ಉತ್ತರ ಕೊಡುತ್ತಾನೆ ಅನ್ನೋದು ಅವರ ಪ್ರಶ್ನೆ. ‘ವಾಲಿ ಮೋಕ್ಷ’ದಲ್ಲೂ ಅದೇ. ಮರೆಯಲ್ಲಿ ನಿಂತು ಯಾಕೆ ಬಾಣ ಬಿಟ್ಟೆ ಅಂತ ವಾಲಿ ಕೇಳುತ್ತಾನೆ. ಉತ್ತರ ಗೊತ್ತಿರುವ ಜನವೇ ಮುಂದಕ್ಕೆ ಬಾಗಿ ಕೇಳುತ್ತಾರೆ. ವಾಲಿಯ ಅರ್ಥ ಹೇಳುವವರು ಗಟ್ಟಿಗರಾದರೆ ರಾಮನ ಪಾತ್ರಧಾರಿಗೆ ಕಷ್ಟ. ಆ ಕಷ್ಟ ನೋಡುವುದರಲ್ಲೇ ಇದೆ ಮಜಾ.

ಇದು ಪುರಾಣದ ಕಥೆಗೆ ಸರಿ, ನಮ್ಮ ಕಾಲದ ಕಥೆಗೆ ಹೇಗೆ ಅಂತ ನೀವು ಕೇಳಬಹುದು. ಅನಂತಮೂರ್ತಿಯವರ ‘ಸಂಸ್ಕಾರ’ ಕಾದಂಬರಿ ತೆಗೆದುಕೊಳ್ಳಿ. 1965ರಲ್ಲಿ ಬಂದದ್ದು. ಅದರ ವಿಚಾರ, ವಿವಾದ ಎಲ್ಲ ಬದಿಗಿಡಿ. ಸುಮ್ನೆ ಕಥೆ ಕಟ್ಟುವ ಕೆಲಸ ಅಂತ ನೋಡಿ. ಅಗ್ರಹಾರದಲ್ಲಿ ನಾರಣಪ್ಪ ಸತ್ತಿದ್ದಾನೆ. ಬದುಕಿದ್ದಾಗ ಬ್ರಾಹ್ಮಣ್ಯ ಬಿಟ್ಟವನು, ಆದರೆ ಯಾರೂ ಅವನಿಗೆ ಬಹಿಷ್ಕಾರ ಹಾಕಿಲ್ಲ. ಈಗ ಸಂಸ್ಕಾರ ಯಾರು ಮಾಡಬೇಕು? ಹೆಣ ಎತ್ತುವ ತನಕ ಅಗ್ರಹಾರದಲ್ಲಿ ಯಾರೂ ಊಟ ಮಾಡುವಂತಿಲ್ಲ. ಎಲ್ಲವೂ ಶುರುವಿನಲ್ಲೇ ಓದುಗರ ಕೈಗೆ ಬಂದಿದೆ. ಯಾವ ಗುಟ್ಟೂ ಇಲ್ಲ. ಹೆಣ ಇದೆ, ಹಸಿವಿದೆ, ಬಿಸಿಲಿದೆ. ಹೊತ್ತು ಹೋಗುತ್ತಿದೆ. ಇದಕ್ಕೆ ಶಾಸ್ತ್ರದಲ್ಲಿ ಉತ್ತರ ಹುಡುಕುವ ಪಂಡಿತ ಪ್ರಾಣೇಶಾಚಾರ್ಯರ ಓಲೆಗರಿಯ ಬಗ್ಗೆ ಲೇಖಕರು ಎಷ್ಟು ಪುಟ ಬರೆದರೂ ನಾವು ಓದುತ್ತೇವೆ. ಮನೆಯೊಳಗೆ ಹೆಣ ಇದೆ ಅನ್ನೋದು ನಮಗೆ ಮರೆಯುವುದಿಲ್ಲ ನೋಡಿ.

ಇನ್ನೂ ಒಂದು ಜಾಣತನ ಇದೆ ಅದರಲ್ಲಿ. ಬೇರೆ ಯಾರಾದರೂ ಆಗಿದ್ದರೆ ಸಂಸ್ಕಾರ ಯಾರು ಮಾಡಿದರು ಅನ್ನೋದನ್ನು ಕೊನೆಯ ತನಕ ಎಳೆಯುತ್ತಿದ್ದರು. ಇಲ್ಲಿ ನಾರಣಪ್ಪನ ಜೊತೆ ಬಾಳುತ್ತಿದ್ದ ಚಂದ್ರಿ ಮೀನಿನ ವ್ಯಾಪಾರದ ಅಹಮದ್ ಬ್ಯಾರಿಯ ಸಹಾಯದಿಂದ ರಾತ್ರೋರಾತ್ರಿ ಹೆಣ ಸುಟ್ಟು ಹೊರಟೇಬಿಡುತ್ತಾಳೆ. ಓದುಗರಿಗೆ ಇದು ಗೊತ್ತು. ಅಗ್ರಹಾರದವರಿಗೆ ಗೊತ್ತಿಲ್ಲ. ಅವರು ಇನ್ನೂ ಹೆಣದ ಚಿಂತೆಯಲ್ಲೇ ಓಡಾಡುತ್ತಿದ್ದಾರೆ. ಕಥೆ ಅಲ್ಲಿಗೆ ಸಡಿಲ ಆಗಬೇಕಿತ್ತು ಅಲ್ವಾ? ಆಗುವುದಿಲ್ಲ. ಇಲ್ಲದ ಹೆಣಕ್ಕೆ ಅವರು ಪಡುವ ಪಾಡು ನೋಡುತ್ತಾ ನಮಗೆ ನಗುವೂ ಬರುತ್ತದೆ, ಸಂಕಟವೂ ಆಗುತ್ತದೆ. ಅದನ್ನು ನಮ್ಮಿಂದ ಬಚ್ಚಿಟ್ಟಿದ್ದರೆ ಕೊನೆಯಲ್ಲಿ ಒಂದು ಸಲ ‘ಓಹೋ’ ಅನ್ನುತ್ತಿದ್ದೆವು. ಹೇಳಿದ್ದರಿಂದ ಪುಟ ಪುಟದಲ್ಲೂ ಏನೋ ಒಂದು ಆಗುತ್ತಿದೆ.

ಇರಲಿ, ದೊಡ್ಡವರ ಉದಾಹರಣೆ ಕೊಟ್ಟು ತಪ್ಪಿಸಿಕೊಳ್ಳುವುದು ಸುಲಭ. ನಾವೇ ಇಲ್ಲಿ ಒಂದು ಕಥೆ ಶುರು ಮಾಡೋಣ. ಶಾರದಾ ಅಂತ ಒಬ್ಬ ಹೆಂಗಸು. ಶಿರಸಿ ಕಡೆಯವಳು ಅಂತಿಟ್ಟುಕೊಳ್ಳಿ. ಅಪ್ಪನ ಅಡಿಕೆ ತೋಟದಲ್ಲಿ ತನ್ನ ಪಾಲು ಬೇಡ ಅಂತ ಅಣ್ಣನಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡಬೇಕು. ನಮ್ಮ ಊರುಗಳಲ್ಲಿ ದಿನಾ ನಡೆಯುವ ವಿಷಯ. ಇದರ ಮೊದಲ ಪ್ಯಾರಾ ಹೇಗೆ ಬರೆಯುತ್ತೀರಿ?

ಒಂದು ರೀತಿ ಹೀಗೆ: “ಬೆಳಗಿನ ಸೂರ್ಯ ಅಡಿಕೆ ತೋಟದ ಮೇಲೆ ಹೊಂಬಣ್ಣ ಚೆಲ್ಲುತ್ತಿದ್ದ. ಹಕ್ಕಿಗಳು ಚಿಲಿಪಿಲಿಗುಟ್ಟುತ್ತಿದ್ದವು. ಶಾರದಾ ಕಿಟಕಿಯಾಚೆ ನೋಡುತ್ತಾ ನಿಂತಿದ್ದಳು.” ಇದರಲ್ಲಿ ತಪ್ಪೇನಿಲ್ಲ. ಆದರೆ ಈ ಸೂರ್ಯ, ಈ ಹಕ್ಕಿ ಯಾವ ಕಥೆಗೆ ಬೇಕಾದರೂ ಬಾಡಿಗೆಗೆ ಸಿಗುತ್ತವೆ.

ಇನ್ನೊಂದು ರೀತಿ, ನಮ್ಮ ಸ್ಪರ್ಧೆಯವರದ್ದು: “ಶಾರದಾಳ ಎದೆ ಹೊಡೆದುಕೊಳ್ಳುತ್ತಿತ್ತು. ಕೊನೆಗೂ ಆ ದಿನ ಬಂದೇಬಿಟ್ಟಿತ್ತು. ಅವರು ಕೇಳಿದ್ದನ್ನು ಅವಳು ಮಾಡಲೇಬೇಕು. ಮಾಡಿದರೆ ಎಲ್ಲ ಮುಗಿದು ಹೋಗುತ್ತದೆ.” ಯಾರು ಕೇಳಿದ್ದು? ಏನು ಕೇಳಿದ್ದು? ಏನು ಮುಗಿಯುತ್ತದೆ? ಮೂರು ಪ್ರಶ್ನೆ ಎದ್ದವು, ನಿಜ. ಆದರೆ ಇವು ಓದುಗನ ಪ್ರಶ್ನೆಗಳಲ್ಲ. ಶಾರದಾಳ ಪ್ರಶ್ನೆಗಳೂ ಅಲ್ಲ, ಅವಳಿಗೆ ಉತ್ತರ ಗೊತ್ತಿದೆ. ಬರೆದವರು ಬೇಕಂತಲೇ ಮುಚ್ಚಿಟ್ಟಿದ್ದಾರೆ. ಸ್ವಲ್ಪ ಹೊತ್ತಿಗೆ ಓದುಗನಿಗೆ ಸಿಟ್ಟು ಬರುತ್ತದೆ. ಎದುರಿಗೆ ಕೂತವರು “ನಂಗೊಂದು ವಿಷಯ ಗೊತ್ತು, ಹೇಳಲ್ಲ” ಅಂತಿದ್ದರೆ ನೀವು ಎಷ್ಟು ಹೊತ್ತು ಕೇಳಿಕೊಂಡು ಕೂರುತ್ತೀರಿ?

ಈಗ ಇದನ್ನು ನೋಡಿ: “ತೋಟದಲ್ಲಿ ತನಗೆ ಪಾಲು ಬೇಡ ಅಂತ ಬರೆದುಕೊಡಲು ಶಾರದಾ ಅಣ್ಣನ ಕಾರಿನಲ್ಲೇ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೊರಟಳು. ದಾರಿಯಲ್ಲಿ ಅಣ್ಣ ಮಸಾಲೆ ದೋಸೆ ಕೊಡಿಸಿದ. ಅತ್ತಿಗೆ ಹಿಂದಿನ ರಾತ್ರಿಯೇ ಸೀರೆ ತೆಗೆದು ಕೈಗಿಟ್ಟಿದ್ದಳು. ಗಂಡ ಮಾತ್ರ ಫೋನಿನಲ್ಲಿ, ಸಹಿ ಹಾಕಿದರೆ ಅಲ್ಲೇ ಇದ್ದುಬಿಡು, ಇಲ್ಲಿಗೆ ಬರಬೇಡ ಅಂದಿದ್ದ.”

ಏನು ಬಚ್ಚಿಟ್ಟಿದ್ದೇವೆ? ಏನೂ ಇಲ್ಲ. ಎಲ್ಲ ಬಿಚ್ಚಿ ಹೇಳಿಯಾಯಿತು. ಆದರೂ ಮುಂದಿನ ಪ್ಯಾರಾ ಬೇಕು ಅನ್ನಿಸುತ್ತದೆ. ಸಹಿ ಹಾಕಿದರೆ ಗಂಡನ ಮನೆ ಹೋಯಿತು, ಹಾಕದಿದ್ದರೆ ತವರು ಹೋಯಿತು. ಅವಳು ಎತ್ತ ತಿರುಗಿದರೂ ನಷ್ಟ. ಆ ದೋಸೆ ಇದೆಯಲ್ಲ, ಅದೂ ಈಗ ಬರೀ ದೋಸೆ ಅಲ್ಲ. ಅಣ್ಣ ಪ್ರೀತಿಯಿಂದ ಕೊಡಿಸಿದನಾ, ಸಹಿಗಾಗಿ ಕೊಡಿಸಿದನಾ ಅಂತ ಅವಳಿಗೂ ಗೊತ್ತಾಗುತ್ತಿಲ್ಲ, ನಮಗೂ ಗೊತ್ತಾಗುತ್ತಿಲ್ಲ. ಅಣ್ಣನಿಗೇ ಗೊತ್ತಿದೆಯೋ ಇಲ್ಲವೋ. ಪಾತ್ರಕ್ಕೇ ಉತ್ತರ ಗೊತ್ತಿಲ್ಲದ ಪ್ರಶ್ನೆ ಇದು. ಇಂಥದ್ದನ್ನು ಎಷ್ಟು ಬೇಕಾದರೂ ಎಳೆಯಬಹುದು, ಯಾರಿಗೂ ಮೋಸ ಆಗುವುದಿಲ್ಲ.

ಮುಂದೆ ಹೋಗೋಣ. ಸಬ್ ರಿಜಿಸ್ಟ್ರಾರ್ ಆಫೀಸು. ಅಲ್ಲಿಗೆ ಹೋದವರಿಗೆ ಗೊತ್ತು, ಹೋದ ಕೂಡಲೇ ಕೆಲಸ ಆಗುವುದಿಲ್ಲ. ಸರ್ವರ್ ಡೌನ್. ಫೋಟೋ ತೆಗೆಯಬೇಕು, ಹೆಬ್ಬೆಟ್ಟು ಒತ್ತಬೇಕು, ಸರದಿ ಬರಬೇಕು. ಅಣ್ಣ ಆಧಾರ್ ಜೆರಾಕ್ಸ್ ಮಾಡಿಸಲು ಹೊರಗೆ ಹೋಗಿದ್ದಾನೆ. ಶಾರದಾ ಬೆಂಚಿನ ಮೇಲೆ ಒಬ್ಬಳೇ. ಇಲ್ಲಿ ಹೊಸಬರು ಏನು ಮಾಡುತ್ತಾರೆ ಗೊತ್ತಾ? ‘ಅವಳ ಮನಸ್ಸು ಹಿಂದಕ್ಕೆ ಓಡಿತು’ ಅಂತ ಬರೆದು ಅವಳ ಬಾಲ್ಯಕ್ಕೆ ಹೋಗಿಬಿಡುತ್ತಾರೆ. ನಾಲ್ಕು ಪುಟ ಆದರೂ ವಾಪಸ್ ಬರುವುದಿಲ್ಲ. ಆಫೀಸು ಮುಚ್ಚುವ ಹೊತ್ತಾಯಿತು ಅಂತ ಓದುಗನಿಗೇ ಗಾಬರಿ.

ಹಿಂದಕ್ಕೆ ಹೋಗಬಾರದು ಅಂತಲ್ಲ. ರನ್ನ ಹತ್ತನೆಯ ಶತಮಾನದಲ್ಲೇ ಇದನ್ನು ಮಾಡಿ ತೋರಿಸಿದ್ದಾನೆ. ‘ಗದಾಯುದ್ಧ’ ಶುರುವಾಗುವ ಹೊತ್ತಿಗೆ ಕುರುಕ್ಷೇತ್ರ ಹೆಚ್ಚುಕಡಿಮೆ ಮುಗಿದಿದೆ. ಉಳಿದಿರುವುದು ದುರ್ಯೋಧನನ ಲೆಕ್ಕ. ಅಲ್ಲಿ ನಿಂತು ರನ್ನ ಇಡೀ ಭಾರತದ ಕಥೆಯನ್ನು ಹಿಂದಿರುಗಿ ನೋಡುತ್ತಾನೆ. ಸಿಂಹಾವಲೋಕನ ಕ್ರಮ ಅಂತ ಅವನೇ ಹೆಸರಿಟ್ಟು ಹೇಳಿಕೊಂಡಿದ್ದಾನೆ. ಅದು ಯಾಕೆ ಬೇಸರ ತರಿಸುವುದಿಲ್ಲ ಅಂದರೆ, ದ್ರೌಪದಿಯ ಮುಡಿ ಇನ್ನೂ ಬಿಚ್ಚೇ ಇದೆ. ಭೀಮನ ಪ್ರತಿಜ್ಞೆ ಇನ್ನೂ ಬಾಕಿ ಇದೆ. ಹಿಂದಿನದನ್ನು ಎತ್ತಿದಾಗಲೆಲ್ಲ ಈಗಿನ ಸಿಟ್ಟು ಏರುತ್ತದೆ. ಮುಂದೆ ಭೀಮ ಕೊಳದ ದಡದಲ್ಲಿ ನಿಂತು ಆರ್ಭಟಿಸಿದಾಗ ನೀರೊಳಗೆ ಅಡಗಿದ್ದ ದುರ್ಯೋಧನ ಬೆವರುತ್ತಾನೆ. ನೀರಿನೊಳಗೇ ಬೆವರು! ಸಾವಿರ ವರ್ಷ ಆದರೂ ಕನ್ನಡ ಮೇಷ್ಟ್ರುಗಳು ಅದನ್ನು ಕ್ಲಾಸಿನಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸುತ್ತಿದ್ದಾರೆ. ಅವನು ಯಾಕೆ ಬೆವರಿದ ಅನ್ನೋದಕ್ಕೆ ಬೇಕಾದ ಹಿಂದಿನ ಕಥೆಯೆಲ್ಲ ನಮ್ಮೊಳಗೆ ಆಗಲೇ ಸೇರಿರುತ್ತದೆ. ಅದಕ್ಕೇ ಆ ಒಂದು ಬೆವರು ಸಾಕು.

ಹಾಗಾದರೆ ನಮ್ಮ ಶಾರದಾ ಬೆಂಚಿನ ಮೇಲೆ ಕೂತು ಏನು ಮಾಡಬೇಕು? ಪತ್ರ ಬರೆಯುವವನು ಬಂದು ಚಕ್ಕುಬಂದಿ ಓದಲಿ. ಪೂರ್ವಕ್ಕೆ ಹಳ್ಳ, ಪಶ್ಚಿಮಕ್ಕೆ ಇಂಥವರ ಜಮೀನು, ಉತ್ತರಕ್ಕೆ ರಸ್ತೆ, ದಕ್ಷಿಣಕ್ಕೆ ಬೆಟ್ಟ. ಆಮೇಲೆ ‘ಸದರಿ ಜಮೀನಿನಲ್ಲಿರುವ ಮರಮಟ್ಟು, ಬಾವಿ ಸಹಿತ’ ಅಂತ ಒಂದು ಸಾಲು. ಆ ಬಾವಿ ಅಂದ ಕೂಡಲೇ ಅವಳು ತಲೆ ಎತ್ತಲಿ. ಆ ಬಾವಿ ಅಮ್ಮ ತನ್ನ ಬಳೆ ಮಾರಿ ತೋಡಿಸಿದ್ದು. ಇದು ಎರಡು ವಾಕ್ಯದ ಹಿಂದಿನ ಕಥೆ. ಬಾಲ್ಯದ ನಾಲ್ಕು ಪುಟಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ, ಯಾಕೆಂದರೆ ಈಗ ನಡೆಯುತ್ತಿರುವುದನ್ನೇ ಅದು ಬದಲಿಸಿತು. ತೋಟ ಬಿಡಲು ತಯಾರಾಗಿ ಬಂದವಳು ಬಾವಿಯನ್ನೂ ಬಿಡಬೇಕಾ? ಮೊದಲ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಅದು ಇನ್ನೂ ಚೂಪಾಯಿತು.

ಮಾಹಿತಿ ಕೊಡುವ ವಿಷಯವೂ ಇಲ್ಲೇ ಹೇಳಿಬಿಡುತ್ತೇನೆ. 2005ರಲ್ಲಿ ಹಿಂದೂ ಉತ್ತರಾಧಿಕಾರ ಕಾನೂನಿಗೆ ತಿದ್ದುಪಡಿ ಬಂತು, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ. ನಿಮ್ಮ ಕಥೆಗೆ ಇದು ಬೇಕು. ಆದರೆ ಕಥೆಯ ನಡುವೆ ನಿಂತು ಕಾನೂನು ಪಾಠ ಮಾಡಬೇಡಿ. ಆ ಪತ್ರ ಬರೆಯುವವನ ಬಾಯಲ್ಲಿ ಹಾಕಿ. “ನಿಮ್ ಸಹಿ ಇಲ್ದೆ ಬ್ಯಾಂಕಿನವ್ರು ಲೋನ್ ಕೊಡ್ತಾ ಇಲ್ಲ ಕಣಮ್ಮ, ಅದಕ್ಕೇ ನಿಮ್ಮಣ್ಣ ಈ ಪಾಟಿ ಅವಸರ ಮಾಡ್ತಿರೋದು.” ಕಾನೂನೂ ಬಂತು, ಅಣ್ಣನ ದೋಸೆಗೆ ಅರ್ಥವೂ ಬಂತು. ಅಣ್ಣ ಸಾಲದ ವಿಷಯ ಅವಳಿಗೆ ಹೇಳಿರಲಿಲ್ಲ ಅನ್ನೋದೂ ಬಂತು. (ಶಿರಸಿ ಕಡೆಯ ಪತ್ರ ಬರೆಯುವವನು ಹೀಗೆ ಮಾತಾಡುವುದಿಲ್ಲ ಅಂತ ಅಲ್ಲಿಯವರೊಬ್ಬರು ಕೂಡಲೇ ಕೈ ಎತ್ತಿದರು. ಸರಿಯೇ. ನನ್ನದು ಹಳೇ ಮೈಸೂರಿನ ನಾಲಿಗೆ. ಯಾವ ಊರಿನ ಕಥೆ ಬರೆಯುತ್ತೀರೋ ಆ ಊರಿನ ಮಾತು ಗೊತ್ತಿರಬೇಕು. ಗೊತ್ತಿಲ್ಲದಿದ್ದರೆ ಕಥೆಯನ್ನೇ ನಿಮ್ಮೂರಿಗೆ ತಂದುಕೊಳ್ಳಿ. ಮಾತು ಸುಳ್ಳು ಅನ್ನಿಸಿದ ಕ್ಷಣ ಆ ಭಾಗದ ಓದುಗರು ನಿಮ್ಮ ಕೈಬಿಟ್ಟರು ಅಂತಲೇ ಲೆಕ್ಕ.)

ಸಣ್ಣಕಥೆಗೆ ಒಂದು ಇಕ್ಕಟ್ಟು ಸಾಕು. ಕಾದಂಬರಿಯ ಕಷ್ಟ ಬೇರೆ. ಶುರು ಎಲ್ಲರೂ ಚೆನ್ನಾಗಿ ಬರೆಯುತ್ತಾರೆ, ಕೊನೆಯೂ ತಲೆಯಲ್ಲಿರುತ್ತದೆ. ನಡುವೆ ಸೊರಗುತ್ತದೆ. ಅಲ್ಲಿ ಏನು ಮಾಡುವುದು?

ಕಾರಂತರ ‘ಚೋಮನ ದುಡಿ’ ನೋಡಿ. 1933ರದ್ದು. ಚೋಮನಿಗೆ ಒಂದೇ ಆಸೆ, ಸ್ವಂತ ಬೇಸಾಯ ಮಾಡಬೇಕು. ಎತ್ತಿನ ಜೋಡಿ ಇದೆ, ಭೂಮಿ ಇಲ್ಲ. ಹೊಲೆಯನಿಗೆ ಗೇಣಿಗೆ ಭೂಮಿ ಕೊಡುವ ರೂಢಿ ಇಲ್ಲ. ಇಷ್ಟು ಗೊತ್ತಾದ ಮೇಲೆ ಕಾದಂಬರಿ ಆ ಆಸೆಯನ್ನು ಬಿಡುವುದೇ ಇಲ್ಲ. ಧಣಿ ಸಂಕಪ್ಪಯ್ಯನಿಗೆ ಮನಸ್ಸಿದೆ, ಅವನ ತಾಯಿ ಒಪ್ಪುವುದಿಲ್ಲ. ಎಸ್ಟೇಟಿನ ಸಾಲ ತೀರಿಸಲು ಗಂಡುಮಕ್ಕಳು ಘಟ್ಟ ಹತ್ತುತ್ತಾರೆ, ಒಬ್ಬ ಜ್ವರದಲ್ಲಿ ಸಾಯುತ್ತಾನೆ, ಇನ್ನೊಬ್ಬ ಮತ ಬಿಟ್ಟು ಹೋಗುತ್ತಾನೆ. ಮಗಳು ಬೆಳ್ಳಿ ಹೋಗುತ್ತಾಳೆ, ಸಾಲ ತೀರುತ್ತದೆ, ಆದರೆ ಹೇಗೆ ತೀರಿತು ಅನ್ನೋದು ಬೇರೆ ಕಥೆ. ಸಣ್ಣ ಮಗ ನೀರಿನಲ್ಲಿ ಮುಳುಗುವಾಗ ಮುಟ್ಟಿದರೆ ಮೈಲಿಗೆ ಅಂತ ದಡದಲ್ಲಿದ್ದವರು ಕೈ ನೀಡುವುದಿಲ್ಲ. ಒಂದೊಂದು ಬಾಗಿಲೂ ಹೀಗೆ ಮುಚ್ಚುತ್ತಾ ಹೋಗುತ್ತದೆ. ಗಮನಿಸಿ, ಒಂದೇ ಬಾಗಿಲು ಮತ್ತೆ ಮತ್ತೆ ಮುಚ್ಚುವುದಿಲ್ಲ. ಪ್ರತಿ ಸಲ ಬೇರೆ ಬಾಗಿಲು, ಪ್ರತಿ ಸಲ ಕಳೆದುಕೊಳ್ಳುವುದು ಜಾಸ್ತಿ. ನಿಮ್ಮ ಕಾದಂಬರಿಯ ನಡುಭಾಗ ಸೊರಗಿದೆ ಅನ್ನಿಸಿದರೆ ಇದನ್ನೇ ಮೊದಲು ನೋಡಿಕೊಳ್ಳಿ. ನಿಮ್ಮ ನಾಯಕ ಒಂದೇ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಾನಾ? ಹತ್ತನೆಯ ಅಧ್ಯಾಯದ ಜಗಳವೂ ನಾಲ್ಕನೆಯ ಅಧ್ಯಾಯದ ಜಗಳವೂ ಒಂದೇನಾ? ಒಂದೇ ಆದರೆ ಒಂದನ್ನು ತೆಗೆದುಹಾಕಿ. ಮನಸ್ಸಿಗೆ ಬೇಜಾರಾಗುತ್ತದೆ, ಪರವಾಗಿಲ್ಲ.

ಎಲ್ಲ ಕಾದಂಬರಿಯೂ ಹೀಗೆ ಬಿಗಿಯಾಗಿ ಇರಬೇಕಾಗಿಲ್ಲ. ತೇಜಸ್ವಿಯವರ ‘ಕರ್ವಾಲೊ’ (1980) ನನಗೆ ಈ ವಿಷಯದಲ್ಲಿ ಇನ್ನೂ ಅಚ್ಚರಿ. ಅದು ಹಾರುವ ಓತಿಯನ್ನು ಹುಡುಕುವ ಕಥೆ ಅಂತ ಈಗ ಎಲ್ಲರಿಗೂ ಗೊತ್ತು. ಮೊದಲ ಸಲ ಓದುವಾಗ ನಿಮಗೆ ಸಿಗುವುದು ಓತಿಯಲ್ಲ, ಜೇನುತುಪ್ಪ. ಆಮೇಲೆ ಮಂದಣ್ಣ. ಅವನ ಪೆದ್ದುತನ, ಅವನ ಮದುವೆ. ಬಿರಿಯಾನಿ ಕರಿಯಪ್ಪ. ಕಿವಿ ಅನ್ನೋ ನಾಯಿ. ಇವರ ನಡುವೆ ಒಬ್ಬ ವಿಜ್ಞಾನಿ, ಅವರೇ ಕರ್ವಾಲೊ. ಅಷ್ಟು ಓದಿದವರು ಈ ಮಂದಣ್ಣನ ಹಿಂದೆ ಯಾಕೆ ಬಿದ್ದಿದ್ದಾರೆ ಅಂತ ನಿರೂಪಕನಿಗೇ ಅರ್ಥವಾಗುವುದಿಲ್ಲ. ಅವನಿಗೆ ಅನುಮಾನ, ನಮಗೂ ಅನುಮಾನ. ಇಲ್ಲಿ ಒಂದು ಗುಟ್ಟಿದೆ, ನಿಜ. ಆದರೆ ಅದನ್ನು ಲೇಖಕರು ಬಚ್ಚಿಟ್ಟಿಲ್ಲ. ಕರ್ವಾಲೊ ಹೇಳಿಲ್ಲ ಅಷ್ಟೇ. ನಿರೂಪಕನಿಗೆ ಗೊತ್ತಾದದ್ದೆಲ್ಲ ನಮಗೂ ಆಗಲೇ ಗೊತ್ತಾಗುತ್ತದೆ. ಈ ವ್ಯತ್ಯಾಸ ಸಣ್ಣದಾಗಿ ಕಾಣಬಹುದು, ಆದರೆ ಸ್ಪರ್ಧೆಗೆ ಬರುವ ಆ ‘ಅವನು’ ಕಥೆಗೂ ಇದಕ್ಕೂ ಇರುವ ದೂರ ಅಷ್ಟೂ ಇದರಲ್ಲೇ ಇದೆ.

ಇನ್ನೊಂದು ಸಂಗತಿ. ಅದರಲ್ಲಿ ಪ್ರತಿಯೊಬ್ಬನಿಗೂ ಮಾಡಲು ಏನೋ ಒಂದು ಕೆಲಸ ಇದೆ. ಒಬ್ಬನಿಗೆ ಜೇನು ಗೊತ್ತು, ಒಬ್ಬನಿಗೆ ಮರ ಹತ್ತುವುದು ಗೊತ್ತು, ಒಬ್ಬನಿಗೆ ಕ್ಯಾಮೆರಾ. ಒಂದು ಕೆಲಸ ಹೇಗೆ ಮಾಡುತ್ತಾರೆ ಅಂತ ನೋಡುವುದು ಜನಕ್ಕೆ ಇಷ್ಟ. ರಸ್ತೆಯಲ್ಲಿ ಜೆಸಿಬಿ ಗುಂಡಿ ತೋಡುತ್ತಿದ್ದರೆ ಎಷ್ಟು ಜನ ನಿಂತು ನೋಡುತ್ತಾರೆ ಯೋಚಿಸಿ. ನಮ್ಮ ಎಷ್ಟೋ ಕಥೆಗಳಲ್ಲಿ ನಾಯಕನಿಗೆ ಕೆಲಸವೇ ಇರುವುದಿಲ್ಲ. ‘ಸಾಫ್ಟ್‌ವೇರ್ ಕಂಪನಿಯಲ್ಲಿ ಇದ್ದ’ ಅಂತ ಒಂದು ಸಾಲು. ಅಲ್ಲಿ ಅವನು ದಿನವಿಡೀ ಏನು ಮಾಡುತ್ತಾನೆ? ನಿಮ್ಮಲ್ಲಿ ಅರ್ಧ ಜನ ಅದೇ ಕೆಲಸದಲ್ಲಿದ್ದೀರಿ, ರಾತ್ರಿ ಹನ್ನೆರಡಕ್ಕೆ ಅಮೆರಿಕದವರ ಕಾಲ್‌ಗೆ ಕೂತಿರುತ್ತೀರಿ. ಅದನ್ನು ಬರೆಯಿರಿ. ಅದು ಬಿಟ್ಟು ನೀವು ನೋಡೇ ಇರದ ಗದ್ದೆ, ನೇಗಿಲು ಬರೆಯುತ್ತೀರಿ.

ಈಗ ಕೊನೆಯ ವಿಷಯಕ್ಕೆ ಬರೋಣ. ಶಾರದಾ ಕಥೆಗೆ ಮುಕ್ತಾಯ ಬೇಕಲ್ಲ. ಅವಳು ಪತ್ರ ಹರಿದು ಅಣ್ಣನ ಮುಖಕ್ಕೆ ಎಸೆದು ಹೊರಗೆ ನಡೆದಳು ಅಂತ ಬರೆಯಬಹುದು. ವೇದಿಕೆಯಲ್ಲಿ ಓದಿದರೆ ಚಪ್ಪಾಳೆ ಬೀಳುತ್ತದೆ. ಆದರೆ ದೋಸೆ ತಿಂದು, ಸೀರೆ ಉಟ್ಟು ಬಂದ ಹೆಂಗಸು ಅವಳು. ಅಷ್ಟು ಸುಲಭಕ್ಕೆ ಎಸೆಯುತ್ತಾಳಾ? ಇಲ್ಲಾ, ಸಹಿ ಹಾಕಿ ಕಣ್ಣೀರಿಟ್ಟಳು ಅಂತ ಬರೆಯಬಹುದು. ಆಗ ಇಷ್ಟು ಹೊತ್ತು ಕೂರಿಸಿದ್ದಕ್ಕೆ ಓದುಗನಿಗೆ ಸಿಕ್ಕಿದ್ದೇನು? ನಾನಾದರೆ ಆ ಬಾವಿಗೆ ವಾಪಸ್ ಹೋಗುತ್ತೇನೆ. ತೋಟ ಬಿಟ್ಟುಕೊಡುತ್ತೇನೆ, ಬಾವಿಯೂ ಅದಕ್ಕೆ ಹೋಗುವ ದಾರಿಯೂ ನನ್ನ ಹೆಸರಿಗಿರಲಿ ಅಂತ ಅವಳು ಹೇಳುತ್ತಾಳೆ. ಪತ್ರ ಬರೆಯುವವನಿಗೆ ಹೊಸ ಛಾಪಾ ಕಾಗದ ಬೇಕು. ಅಣ್ಣನಿಗೆ ಮಾತೇ ಹೊರಡುವುದಿಲ್ಲ, ಯಾಕೆಂದರೆ ನೀರಿಲ್ಲದ ತೋಟ ಇಟ್ಟುಕೊಂಡು ಬ್ಯಾಂಕಿನವರು ಏನು ಮಾಡುತ್ತಾರೆ? ಇದು ಕಥೆಯೊಳಗೆ ಮೊದಲೇ ಇದ್ದ ವಸ್ತುವಿನಿಂದಲೇ ಬಂದದ್ದು. ಓದುಗನಿಗೆ ‘ಅರೆ, ಇದು ನನಗೇ ಹೊಳೆಯಬಹುದಿತ್ತು’ ಅನ್ನಿಸಬೇಕು. ಹೊಳೆದಿರಬಾರದು. ಅಷ್ಟಾದರೆ ಆಯಿತು.

ಧಾರಾವಾಹಿಗಳ ಬಗ್ಗೆ ಹೇಳದೆ ಈ ವಿಷಯ ಮುಗಿಯುವುದಿಲ್ಲ. ಕನ್ನಡದಲ್ಲಿ ಕಾದಂಬರಿ ಓದುವ ಜನ ಹುಟ್ಟಿದ್ದೇ ಕಂತುಗಳಿಂದ ಅಂದರೂ ನಡೆಯುತ್ತದೆ. ಕನ್ನಡದ ಮೊದಮೊದಲ ಕಾದಂಬರಿಕಾರರಲ್ಲಿ ಒಬ್ಬರಾದ ಗಳಗನಾಥರು ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದರು, ಪುಸ್ತಕ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. 1965ರಲ್ಲಿ ‘ಸುಧಾ’ ವಾರಪತ್ರಿಕೆ ಬಂತು. ವಾರ ವಾರ ಕಾದು, ಮನೆಯಲ್ಲಿ ಯಾರು ಮೊದಲು ಓದಬೇಕು ಅಂತ ಜಗಳ ಆಡಿದವರು ಈ ಸಭೆಯಲ್ಲೂ ಇದ್ದೀರಿ. ಆ ಕಂತುಗಳನ್ನು ಈಗ ತೆಗೆದು ನೋಡಿದರೆ ಒಂದು ಗೊತ್ತಾಗುತ್ತದೆ. ಒಳ್ಳೆಯ ಕಂತು ಬರೀ ಕೊನೆಯಲ್ಲಿ ಕೊಕ್ಕೆ ಹಾಕಿ ನಿಲ್ಲುತ್ತಿರಲಿಲ್ಲ. ಆ ವಾರದ ಮಟ್ಟಿಗೆ ಏನೋ ಒಂದನ್ನು ಕೊಟ್ಟು, ಆಮೇಲೆ ನಿಲ್ಲುತ್ತಿತ್ತು. ಒಂದು ಸಂಬಂಧ ಕೂಡಿಬರುತ್ತಿತ್ತು, ಅದರಿಂದಲೇ ಹೊಸ ತಾಪತ್ರಯ ಶುರುವಾಗುತ್ತಿತ್ತು. ಟೀವಿ ಧಾರಾವಾಹಿಯಲ್ಲಿ ಅತ್ತೆಯ ಮುಖ ಮೂರು ಸಲ, ಸೊಸೆಯ ಮುಖ ಮೂರು ಸಲ, ಢಣ್ ಢಣ್ ಅಂತ ಸದ್ದು. ಮಾರನೇ ದಿನ ನೋಡಿದರೆ ಏನೂ ಆಗಿಲ್ಲ, ಅತ್ತೆಗೆ ಕೆಮ್ಮು ಬಂದಿತ್ತು. ಪುಸ್ತಕದಲ್ಲಿ ಇದನ್ನು ಮಾಡಿದರೆ ಒಂದು ಸಲ ಕ್ಷಮಿಸುತ್ತಾರೆ. ಎರಡನೇ ಸಲ ಪುಸ್ತಕ ಮುಚ್ಚುತ್ತಾರೆ.

ಇನ್ನು ಪ್ರಶ್ನೆಗಳು. ಎರಡನ್ನು ಮಾತ್ರ ಇಲ್ಲಿ ಬರೆದಿದ್ದೇನೆ, ಉಳಿದವು ಪ್ರಕಾಶಕರ ಬಗ್ಗೆ, ರಾಯಧನದ ಬಗ್ಗೆ.

ಒಬ್ಬರು ಕೇಳಿದರು: “ಬಚ್ಚಿಡಬೇಡಿ ಅಂತೀರಿ. ಪತ್ತೇದಾರಿ ಕಾದಂಬರಿ ಮತ್ತೆ ಹೇಗೆ ಬರೆಯೋದು? ಕೊಲೆ ಮಾಡಿದವನ ಹೆಸರು ಮೊದಲ ಪುಟದಲ್ಲೇ ಹೇಳಿಬಿಡೋದಾ?”

ಹೇಳಿಯೂ ಬರೆಯಬಹುದು, ಬರೆದವರಿದ್ದಾರೆ. ಆದರೆ ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಪತ್ತೇದಾರಿಯಲ್ಲಿ ಒಂದೇ ಒಂದನ್ನು ಬಚ್ಚಿಡಬೇಕು, ಹೆಸರು. ಉಳಿದದ್ದನ್ನೆಲ್ಲ ಧಾರಾಳವಾಗಿ ಕೊಡಬೇಕು. ಯಾರು ಎಲ್ಲಿದ್ದರು, ಬಾಗಿಲು ಯಾವ ಕಡೆಯಿಂದ ಹಾಕಿತ್ತು, ಲೋಟದಲ್ಲಿ ಎಷ್ಟು ಹಾಲು ಉಳಿದಿತ್ತು. ಎನ್. ನರಸಿಂಹಯ್ಯನವರು ಐನೂರಕ್ಕೂ ಹೆಚ್ಚು ಕಾದಂಬರಿ ಬರೆದರು. ಸಾಹಿತ್ಯದ ಚರಿತ್ರೆ ಬರೆದವರು ಅವರನ್ನು ಅಷ್ಟಾಗಿ ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ, ಅದು ಬೇರೆ ಮಾತು. ಆದರೆ ಅವರ ಪತ್ತೇದಾರ ಪುರುಷೋತ್ತಮನಿಗಾಗಿ ಕಾಯುತ್ತಿದ್ದ ಓದುಗರು ಎಷ್ಟು ಜನ! ಎಷ್ಟೋ ಜನ ಓದುವ ಅಭ್ಯಾಸ ಹಿಡಿಸಿಕೊಂಡದ್ದೇ ಅಲ್ಲಿಂದ. ಕೊಲೆಗಾರ ಯಾರು ಅಂತ ಓದುಗ ತಾನೂ ಲೆಕ್ಕ ಹಾಕುತ್ತಾ ಬರುತ್ತಾನೆ. ಲೆಕ್ಕಕ್ಕೆ ಬೇಕಾದ್ದನ್ನು ನೀವು ಕೊಡಲಿಲ್ಲ, ಕೊನೆಯಲ್ಲಿ ಕಾಶ್ಮೀರದಿಂದ ಒಬ್ಬ ಅವಳಿ ತಮ್ಮನನ್ನು ಕರೆಸಿದಿರಿ ಅಂದರೆ ಅವನಿಗೆ ಸಿಟ್ಟು ಬರದೆ ಇರುತ್ತದಾ?

ಇನ್ನೊಬ್ಬರು ಫೋನಿನಲ್ಲೇ ಕಥೆ ಬರೆಯುವ ಯುವತಿ. ಬೆಂಗಳೂರಿನಲ್ಲಿ 2014ರಲ್ಲಿ ಶುರುವಾದ ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಈಗ ಕನ್ನಡದ ಕಂತು ಕಥೆಗಳು ಹೊಸದಾಗಿ ಹುಟ್ಟುತ್ತಿವೆ, ಅದನ್ನು ಮೂಗು ಮುರಿದು ನೋಡುವವರ ಪೈಕಿ ನಾನಲ್ಲ. ಅವರ ಪ್ರಶ್ನೆ: “ಪ್ರತಿ ಕಂತಿಗೂ ಓದುಗರು ಹೀಗೆ ಮಾಡಿ, ಹಾಗೆ ಮಾಡಿ, ಅವರಿಬ್ಬರನ್ನೂ ಸೇರಿಸಿ ಅಂತಾರೆ. ಅವರ ಮಾತು ಕೇಳದಿದ್ದರೆ ಬಿಟ್ಟು ಹೋಗ್ತಾರೆ ಅಂತ ಭಯ. ಏನ್ಮಾಡ್ಲಿ ಸಾರ್?”

ಅವರು ಹೇಳಿದ್ದನ್ನು ಓದಿ. ‘ಅವರಿಬ್ಬರನ್ನೂ ಸೇರಿಸಿ’ ಅಂದರೆ ಅವರಿಬ್ಬರ ಬಗ್ಗೆ ಅವರಿಗೆ ಕಾಳಜಿ ಹುಟ್ಟಿದೆ ಅಂತ, ಅದು ನಿಮ್ಮ ಗೆಲುವೇ. ಹಾಗಂತ ಕೂಡಲೇ ಸೇರಿಸಿಬಿಟ್ಟರೆ ಮುಂದಿನ ವಾರ ಅವರೇ ‘ಯಾಕೋ ಸಪ್ಪೆ’ ಅಂತಾರೆ. ನೀವೊಂದು ಕೆಲಸ ಮಾಡಿ. ಕೊನೆಯ ಎರಡು ಮೂರು ಕಂತುಗಳನ್ನು ಮೊದಲೇ ಬರೆದು ಇಟ್ಟುಕೊಂಡುಬಿಡಿ, ಯಾರಿಗೂ ತೋರಿಸಬೇಡಿ. ಆಮೇಲೆ ಮೊದಲನೆಯ ಕಂತು ಹಾಕಿ. ಎಲ್ಲಿಗೆ ಹೋಗಬೇಕು ಅಂತ ನಿಮಗೆ ಗೊತ್ತಿದ್ದರೆ ದಾರಿಯಲ್ಲಿ ಅವರು ಹೇಳಿದ ಒಂದೆರಡು ಮಾತು ಕೇಳಬಹುದು, ಸಣ್ಣ ಪಾತ್ರ ಒಂದನ್ನು ಬೆಳೆಸಬಹುದು, ಯಾರೋ ಇಷ್ಟಪಟ್ಟ ಅಜ್ಜಿಗೆ ಇನ್ನೊಂದು ದೃಶ್ಯ ಕೊಡಬಹುದು. ಆ ಕೊನೆಯ ಕಂತುಗಳನ್ನು ಆಮೇಲೆ ತಿದ್ದಬೇಕಾಗಿ ಬಂದರೂ ಬರಬಹುದು, ತಿದ್ದಿ. ಆದರೆ ಖಾಲಿ ಕೈಯಲ್ಲಿ ಶುರು ಮಾಡಬೇಡಿ.